ತರ್ಪಣದ ಹೆಸರುಗಳು, ವಂಶದ ಕ್ಯಾನ್ಸರ್

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹವ್ಯಕ ಮನೆಗಳಲ್ಲಿ ಮಹಾಲಯ ಪಕ್ಷದ ತರ್ಪಣಕ್ಕೆ ಕೂತವನು ದರ್ಭೆಯ ಪವಿತ್ರ ತೊಟ್ಟು, ಹೆಬ್ಬೆರಳು ತೋರುಬೆರಳುಗಳ ನಡುವಿನಿಂದ ಎಳ್ಳುನೀರು ಬಿಡುತ್ತಾನೆ. ಅಪ್ಪ, ಅಜ್ಜ, ಮುತ್ತಜ್ಜ. ಅಮ್ಮ, ಅಜ್ಜಿ, ಮುತ್ತಜ್ಜಿ. ಆಮೇಲೆ ತಾಯಿಯ ತವರಿನ ಮೂರು ತಲೆಮಾರು. ಕೊನೆಗೆ ಸೋದರತ್ತೆ, ಚಿಕ್ಕಮ್ಮಂದಿರವರೆಗೂ ಗೋತ್ರ, ಹೆಸರು ಬರುತ್ತವೆ. ಯಾರು ಯಾವ ಕಾಯಿಲೆಯಿಂದ ತೀರಿಕೊಂಡರು ಎಂಬುದಕ್ಕೆ ಮಾತ್ರ ಈ ಪಟ್ಟಿಯಲ್ಲಿ ಜಾಗವಿಲ್ಲ. ವಂಶದ ಕ್ಯಾನ್ಸರನ್ನು ಹುಡುಕುವ ವೈದ್ಯರೂ ಎರಡೂ ಕಡೆಯ ಮೂರು ತಲೆಮಾರನ್ನು ಕೇಳುತ್ತಾರೆ. ಯಾವ ಅಂಗಕ್ಕೆ, ಎಷ್ಟನೇ ವಯಸ್ಸಿಗೆ ಬಂತು ಎಂಬುದು ಅವರಿಗೆ ಹೆಸರಿಗಿಂತ ಮುಖ್ಯ.

ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ 1866ರಲ್ಲೇ ತನ್ನ ಹೆಂಡತಿಯ ಮನೆತನದಲ್ಲಿ ಸ್ತನ ಕ್ಯಾನ್ಸರ್ ತಲೆಮಾರಿನಿಂದ ತಲೆಮಾರಿಗೆ ಬಂದದ್ದನ್ನು ಬರೆದಿಟ್ಟ. ಕಾರಣ ಸಿಗಲು ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. 1990ರಲ್ಲಿ ಮೇರಿ ಕ್ಲೇರ್ ಕಿಂಗ್ ಅದರ ಜಾಗ 17ನೇ ವರ್ಣತಂತುವಿನಲ್ಲಿದೆ ಎಂದು ತೋರಿಸಿದರು. 1994ರಲ್ಲಿ ಬಿಆರ್‌ಸಿಎ1, ಮರುವರ್ಷ ಬಿಆರ್‌ಸಿಎ2 ಜೀನ್ ಕೈಗೆ ಸಿಕ್ಕವು. ದೋಷವಿರುವ ಜೀನ್ ಮಗುವಿಗೆ ಇಳಿಯುವ ಸಾಧ್ಯತೆ ಅರ್ಧಕ್ಕರ್ಧ. ಅಪ್ಪನಿಂದಲೂ ಅಷ್ಟೇ ಬರುತ್ತದೆ; ಸೋದರತ್ತೆಯ ಕಾಯಿಲೆಯನ್ನು ಬೇರೆ ಮನೆಯದೆಂದು ಬಿಡುವಂತಿಲ್ಲ.

ಬಿಆರ್‌ಸಿಎ1 ದೋಷವಿದ್ದ ಹೆಂಗಸರಲ್ಲಿ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಶೇ. 70ರ ಆಸುಪಾಸು, ಅಂಡಾಶಯದ್ದು ಶೇ. 44ರಷ್ಟು. ಮುಂಚೆಯೇ ತೆಗೆಸುವುದೋ, ಕಾದು ನೋಡುವುದೋ ಎಂಬ ಪ್ರಶ್ನೆಗೆ ಎರಡೂ ಅಂಗಗಳಲ್ಲಿ ಒಂದೇ ಉತ್ತರವಿಲ್ಲ. ಸ್ತನವನ್ನು ವರ್ಷವರ್ಷ ಎಂಆರ್‌ಐ ಮಾಡಿಸಿ ಕಾಯಬಹುದು. ಗಂಟು ಸಣ್ಣದಿರುವಾಗಲೇ ಸಿಗುತ್ತದೆ. ಎರಡೂ ಸ್ತನ ತೆಗೆಸಿದರೆ ಅಪಾಯ ಶೇ. 90ರಷ್ಟು ಇಳಿಯುತ್ತದೆ, ಆದರೆ ಕಾಯುವ ಹೆಂಗಸನ್ನು ಅಜಾಗರೂಕಳು ಎನ್ನುವುದು ಅನ್ಯಾಯ. ಅಂಡಾಶಯದ ಮಾತು ಬೇರೆ. ರಕ್ತಪರೀಕ್ಷೆ, ಸ್ಕ್ಯಾನಿಂಗ್‌ಗಳು ಸಾವು ತಗ್ಗಿಸಲಿಲ್ಲವೆಂದು ಬ್ರಿಟನ್ನಿನ ದೊಡ್ಡ ಅಧ್ಯಯನ 2021ರಲ್ಲಿ ಹೇಳಿತು. ಮಕ್ಕಳಾದ ಮೇಲೆ, 35ರಿಂದ 40ರೊಳಗೆ ಅಂಡಾಶಯ, ಅಂಡನಾಳ ತೆಗೆಸಿ ಎಂದು ವೈದ್ಯರು ಹೇಳುವುದು ಅದಕ್ಕೇ. ಮುಟ್ಟು ಒಮ್ಮೆಲೇ ನಿಲ್ಲುತ್ತದೆ, ಮೂಳೆ ಸವೆಯುತ್ತದೆ. ಆ ಬೆಲೆ ಸಣ್ಣದಲ್ಲ.

ಕಾಯುವುದಕ್ಕೆ ದಾರಿಯ ಲೆಕ್ಕವೂ ಸೇರುತ್ತದೆ. 1956ರವರೆಗೆ ಶಿರಸಿ ಸೀಮೆ ಮುಂಬೈ ಆಡಳಿತದಲ್ಲಿತ್ತು. ಅಲ್ಲಿನ ಟಾಟಾ ಸ್ಮಾರಕ ಆಸ್ಪತ್ರೆ ತೆರೆದದ್ದು 1941ರಲ್ಲಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರದು. ಆಮೇಲೆ ಹುಬ್ಬಳ್ಳಿಯ ನವನಗರದಲ್ಲೂ ಕ್ಯಾನ್ಸರ್ ಆಸ್ಪತ್ರೆಯಾಯಿತು. ಶಿರಸಿಯಿಂದ ಅಲ್ಲಿಗೆ ಸುಮಾರು 100 ಕಿ.ಮೀ., ಸಿದ್ದಾಪುರದವರಿಗೆ ಇನ್ನೂ ದೂರ. ಅಡಿಕೆ ಕೊಯ್ಲಿನ ದಿನಗಳಲ್ಲಿ ತಪಾಸಣೆ ಒಂದು ವರ್ಷ ತಪ್ಪಿದರೂ ಕಾಯುವ ದಾರಿಯ ಬಲ ಅಷ್ಟು ಕುಗ್ಗುತ್ತದೆ.

ಜೀನ್ ಪರೀಕ್ಷೆಯನ್ನು ಸಾಧ್ಯವಾದರೆ ಮೊದಲು ಕ್ಯಾನ್ಸರ್ ಬಂದವರಿಗೇ ಮಾಡಿಸಬೇಕು. ಅಲ್ಲಿ ದೋಷ ಸಿಕ್ಕರೆ ಉಳಿದವರಲ್ಲಿ ಅದೊಂದನ್ನೇ ಹುಡುಕಿದರೆ ಸಾಕು. ಅವರು ತೀರಿಕೊಂಡಿದ್ದರೆ ರಕ್ತ ಕೊಡಬೇಕಾದವರು ಅವರ ಮಕ್ಕಳು, ಒಡಹುಟ್ಟಿದವರು.