ಬೆಳ್ಳಂದೂರು ಕೆರೆಯ ನೊರೆ ಎಲ್ಲಿಂದ ಬಂತು? ತಡೆಯೋದು ಹೇಗೆ?

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಬೆಳ್ಳಂದೂರು ಕೆರೆಗೆ ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿ ಕೆಲವು ವರ್ಷ ವಾಸವಾಗಿದ್ದೆ, ನಿವಾಸಿಗಳ ಸಂಘದ ಸಮಿತಿಯಲ್ಲೂ ಇದ್ದೆ. ಒಂದು ಸಭೆಯಲ್ಲಿ ಕರೆಂಟ್ ಬಿಲ್ಲಿನ ಮಾತು ಬಂತು. ನಮ್ಮ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕದ ಬ್ಲೋವರ್‌ಗಳು ಹಗಲೂ ರಾತ್ರಿ ಓಡುತ್ತಿದ್ದವು. "ರಾತ್ರಿ ಆಫ್ ಮಾಡಿದ್ರೆ ಏನಾಗುತ್ತೆ? ಯಾರು ಬಂದು ನೋಡ್ತಾರೆ?" ಅಂದರು ಒಬ್ಬರು. ಯಾರೂ ಬೇಡ ಅನ್ನಲಿಲ್ಲ. ನಾನೂ ಕೈ ಎತ್ತಿದೆ. ಘಟಕ ನೋಡಿಕೊಳ್ಳುತ್ತಿದ್ದ ಹುಡುಗ ಮಾತ್ರ, "ಸಾರ್, ಗಾಳಿ ನಿಂತ್ರೆ ಬ್ಯಾಕ್ಟೀರಿಯಾ ಸಾಯ್ತವೆ. ಆಮೇಲೆ ಹೊರಗೆ ಹೋಗೋದು ಬರೀ ಕೊಳಚೆ" ಅಂದ. ಅವನ ಮಾತನ್ನು ನಾವು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಲೂ ಇಲ್ಲ.

ಅದೇ ನಾವು ಭಾನುವಾರ ಕೆರೆ ಕೋಡಿಯ ಹತ್ತಿರ ನಿಂತು ನೊರೆಯ ವಿಡಿಯೊ ಮಾಡಿ, ಸರ್ಕಾರವನ್ನು ಬೈದು ವಾಟ್ಸಾಪ್‌ಗೆ ಹಾಕುತ್ತಿದ್ದೆವು.

ಪರಿಸರ ಮಾಲಿನ್ಯ ಅಂದ ಕೂಡಲೇ ನಮಗೆ ದೊಡ್ಡ ಕಾರ್ಖಾನೆಯ ಚಿಮಣಿ ನೆನಪಾಗುತ್ತದೆ. ಬೆಂಗಳೂರಿನ ನೀರಿನ ಮಟ್ಟಿಗೆ ಆ ಚಿತ್ರ ಅರ್ಧ ಸತ್ಯ. ಇಲ್ಲಿ ಮಾಲಿನ್ಯದ ಬಹುಪಾಲು ಬಚ್ಚಲು, ಅಡುಗೆಮನೆ, ಶೌಚಾಲಯದಿಂದ ಹೊರಡುತ್ತದೆ. ಹಾಗಾಗಿ ಬೆಳ್ಳಂದೂರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಕಾರಣ ಏನು, ಪರಿಹಾರ ಏನು ಅಂತ ನೋಡೋಣ.

ನೊರೆ ಹುಟ್ಟುವ ಬಗೆ

ಸುಮಾರು 900 ಎಕರೆಯ ಬೆಳ್ಳಂದೂರು ನಗರದ ಅತಿ ದೊಡ್ಡ ಕೆರೆ. ಇದರ ಕೋಡಿ ನೀರು ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಸೇರಿ ತಮಿಳುನಾಡಿನ ಹೊಸೂರು ಕಡೆಗೆ ಹರಿಯುತ್ತದೆ.

ನಾವು ಬಟ್ಟೆಗೆ, ಪಾತ್ರೆಗೆ ಬಳಸುವ ಡಿಟರ್ಜೆಂಟ್‌ನ ಅಣುವಿಗೆ ಎರಡು ತುದಿ. ಒಂದು ನೀರಿಗೆ ಅಂಟಿಕೊಳ್ಳುತ್ತದೆ, ಇನ್ನೊಂದು ನೀರಿನಿಂದ ದೂರ ಓಡುತ್ತದೆ. ಕೊಳೆ ತೆಗೆಯುವುದೂ, ಗಾಳಿ ಸೇರಿದಾಗ ಗುಳ್ಳೆ ಕಟ್ಟುವುದೂ ಇದೇ ಗುಣದಿಂದ. ಆಮ್ಲಜನಕ ಇರುವ ನೀರಿನಲ್ಲಿ ಬ್ಯಾಕ್ಟೀರಿಯಾ ಈ ಅಣುಗಳನ್ನು ಒಡೆದು ಹಾಕುತ್ತವೆ. ಆದರೆ ಕೊಳಚೆ ತುಂಬಿದ ಕೆರೆಯಲ್ಲಿ ಆಮ್ಲಜನಕವೇ ಇರುವುದಿಲ್ಲ. ಅರ್ಧಂಬರ್ಧ ಕೊಳೆತದ್ದೆಲ್ಲ ಹೂಳಿನ ಜೊತೆ ತಳದಲ್ಲಿ ಕೂರುತ್ತದೆ. ಜೋರು ಮಳೆ ಬಂದಾಗ ತಳ ಕಲಕುತ್ತದೆ, ನೀರು ಕೋಡಿಯಿಂದ ಧುಮುಕುತ್ತದೆ, ಗಾಳಿ ಬೆರೆಯುತ್ತದೆ. ಮಜ್ಜಿಗೆ ಕಡೆದ ಹಾಗೆ ನೊರೆ ಏಳುತ್ತದೆ. ಮಳೆ ಬಂದಾಗಲೇ ನೊರೆ ಹೆಚ್ಚು ಯಾಕೆ ಅನ್ನುವ ಪ್ರಶ್ನೆಗೆ ಉತ್ತರ ಇದು.

ಫಾಸ್ಫೇಟ್‌ನಿಂದ ನೊರೆ ಬರುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಫಾಸ್ಫೇಟ್‌ನ ಕೆಲಸ ಬೇರೆ. ಅದು ನೀರಿನ ಕಳೆಗೆ ಗೊಬ್ಬರ. ಕಳೆ ಕೆರೆಯನ್ನು ಮುಚ್ಚುತ್ತದೆ, ಸತ್ತು ಕೊಳೆಯುವಾಗ ಉಳಿದ ಆಮ್ಲಜನಕವನ್ನೂ ತಿನ್ನುತ್ತದೆ. ತಳದಲ್ಲಿ ಮೀಥೇನ್ ಹುಟ್ಟುತ್ತದೆ. ನೀರಿಗೇ ಬೆಂಕಿ ಹತ್ತಿತು ಅಂತ ಬೆಳ್ಳಂದೂರು 2015ರಲ್ಲಿ ದೇಶದ ಸುದ್ದಿಯಾಯಿತು. 2018ರ ಜನವರಿಯಲ್ಲಿ ಕೆರೆಯಂಗಳದ ಒಣಹುಲ್ಲಿಗೆ ಬೆಂಕಿ ಬಿದ್ದು, ಆರಿಸಲು ಸೇನೆಯ ಯೋಧರೇ ಬರಬೇಕಾಯಿತು.

ಇಷ್ಟು ಕೊಳಚೆ ಯಾಕೆ?

ಲೆಕ್ಕ ಸರಳ. ಮನೆಗೆ 100 ಲೀಟರ್ ನೀರು ಬಂದರೆ ಸುಮಾರು 80 ಲೀಟರ್ ಕೊಳಚೆಯಾಗಿ ಹೊರಗೆ ಹೋಗುತ್ತದೆ. ಕಾವೇರಿಯನ್ನು ಸುಮಾರು 100 ಕಿ.ಮೀ. ದೂರದಿಂದ ಪಂಪ್ ಮಾಡಿ ತರುತ್ತೇವೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತದ ಸಾಮರ್ಥ್ಯವೇ ದಿನಕ್ಕೆ 77.5 ಕೋಟಿ ಲೀಟರ್. ಅದು ಪೂರ್ತಿ ಹರಿದರೆ ದಿನಕ್ಕೆ 60 ಕೋಟಿ ಲೀಟರ್‌ಗೂ ಹೆಚ್ಚು ಹೊಸ ಕೊಳಚೆ. ನೀರು ತರುವ ಯೋಜನೆಗೆ ಉದ್ಘಾಟನೆ, ಹೂವಿನ ಹಾರ ಎಲ್ಲ ಇರುತ್ತದೆ. ಕೊಳಚೆ ಕೊಳವೆಗೆ ಯಾರು ಹಾರ ಹಾಕುತ್ತಾರೆ?

ಒಳಚರಂಡಿ ತಲುಪದ ಬಡಾವಣೆಗಳ ಕೊಳಚೆ ರಾಜಕಾಲುವೆಗೆ ಬೀಳುತ್ತದೆ. ರಾಜಕಾಲುವೆ ಇದ್ದದ್ದು ಮಳೆ ನೀರನ್ನು ಒಂದು ಕೆರೆಯಿಂದ ಇನ್ನೊಂದಕ್ಕೆ ಒಯ್ಯಲು. ಈಗ ಅದೇ ನಗರದ ಎರಡನೇ ಒಳಚರಂಡಿ. ಇದರ ಜೊತೆಗೆ ಲೋಹ ಲೇಪನ, ಬಟ್ಟೆಗೆ ಬಣ್ಣ ಹಾಕುವಂಥ ಸಣ್ಣ ಘಟಕಗಳ ನೀರು. ಅದರಲ್ಲಿ ಭಾರಲೋಹ ಇದ್ದರೆ ಯಾವ ಬ್ಯಾಕ್ಟೀರಿಯಾವೂ ಒಡೆಯಲಾರದು. ಅದನ್ನು ಘಟಕದ ಗೇಟಿನೊಳಗೇ ಬೇರ್ಪಡಿಸಬೇಕು.

ತಡೆಯುವ ದಾರಿ

ಕೆರೆ ಕೆಟ್ಟಾಗ ನಾವು ಮೊದಲು ಹೂಳು ತೆಗೆಯುತ್ತೇವೆ. ಬೇಲಿ ಹಾಕುತ್ತೇವೆ, ವಾಕಿಂಗ್ ಪಾತ್ ಮಾಡುತ್ತೇವೆ. ವರ್ತೂರು ಕೋಡಿಯಲ್ಲಿ ನೊರೆ ರಸ್ತೆಗೆ ಹಾರದಂತೆ ಬಲೆಯನ್ನೇ ಕಟ್ಟಿದ್ದರು. ಆದರೆ ಒಳಹರಿವು ಹಾಗೇ ಇದ್ದರೆ ಹೂಳು ಮತ್ತೆ ಕೂರುತ್ತದೆ. ಕ್ರಮ ಹೀಗಿರಬೇಕು:

1. ಮೂಲದಲ್ಲಿ ತಡೆ. ಡಿಟರ್ಜೆಂಟ್ ಅಳತೆ ಮೀರಿ ಸುರಿಯದಿರುವುದು, ಅಡುಗೆ ಎಣ್ಣೆಯನ್ನು ಸಿಂಕಿಗೆ ಹಾಕದಿರುವುದು.

2. ಮಳೆ ನೀರಿಗೂ ಕೊಳಚೆಗೂ ಬೇರೆ ಬೇರೆ ದಾರಿ. ಪ್ರತಿ ಮನೆಯ ಪೈಪು ಒಳಚರಂಡಿಗೇ ಸೇರಬೇಕು, ರಾಜಕಾಲುವೆಗಲ್ಲ.

3. ಸರಿಯಾದ ಶುದ್ಧೀಕರಣ. ಇದನ್ನು ಅಳೆಯಲು ಬಿಒಡಿ ಅನ್ನುವ ಸಂಖ್ಯೆ ಇದೆ. ನೀರಿನಲ್ಲಿರುವ ಕೊಳೆಯನ್ನು ಅರಗಿಸಲು ಬ್ಯಾಕ್ಟೀರಿಯಾಗೆ ಎಷ್ಟು ಆಮ್ಲಜನಕ ಬೇಕು ಅನ್ನುವ ಲೆಕ್ಕ. ಮನೆಯ ಕಚ್ಚಾ ಕೊಳಚೆಯಲ್ಲಿ ಇದು ಲೀಟರಿಗೆ 200 ಮಿ.ಗ್ರಾಂ. ಆಸುಪಾಸು. ಒಳ್ಳೆಯ ಘಟಕ ಅದನ್ನು 10ಕ್ಕೆ ಇಳಿಸುತ್ತದೆ. ಹೊರಗೆ ಸ್ನಾನ ಮಾಡಲು ಯೋಗ್ಯವಾದ ನೀರಿನಲ್ಲಿ 3 ಮೀರಬಾರದು.

4. ಶುದ್ಧೀಕರಿಸಿದ ನೀರನ್ನೂ ಜೌಗು ಪ್ರದೇಶದ ಮೂಲಕ ಹಾಯಿಸುವುದು. ಜೊಂಡು, ಆಪು ಬೆಳೆದ ಜೌಗಿನಲ್ಲಿ ಸಾರಜನಕ, ರಂಜಕದ ಒಂದಷ್ಟು ಭಾಗ ಉಳಿಯುತ್ತದೆ. ಉತ್ತರ ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಇದೇ ವ್ಯವಸ್ಥೆ: ಮೊದಲು ಎಸ್‌ಟಿಪಿ, ಆಮೇಲೆ ಜೌಗು, ಆಮೇಲೆ ಕೆರೆ. ಅಲ್ಲಿ ಮೀನು ಹಿಡಿಯುತ್ತಾರೆ.

5. ಕೊನೆಗೆ ಹೂಳು.

ಕಾನೂನು ಇಲ್ಲವೇ?

ಬೇಕಾದಷ್ಟಿದೆ. ಜಲ ಕಾಯ್ದೆ 1974ರದು, ವಾಯು ಕಾಯ್ದೆ 1981ರದು, ಪರಿಸರ ಸಂರಕ್ಷಣಾ ಕಾಯ್ದೆ 1986ರದು. ಮಲಿನ ಮಾಡಿದವನೇ ವೆಚ್ಚ ಭರಿಸಬೇಕು ಅನ್ನುವ ತತ್ವ ಈ ದೇಶದ ಕಾನೂನಿನ ಭಾಗ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ವೆಲ್ಲೂರು ಪ್ರಕರಣದಲ್ಲಿ ಹೇಳಿದೆ. ಬೆಳ್ಳಂದೂರಿನ ವಿಚಾರದಲ್ಲಿ 2018ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ಹಾಕಿತು. ಆದರೆ ಆ ದಂಡ ಕಟ್ಟುವುದು ಯಾರ ದುಡ್ಡಿನಿಂದ? ನಮ್ಮೆಲ್ಲರ ತೆರಿಗೆಯಿಂದ. ರಾತ್ರಿ ಬ್ಲೋವರ್ ನಿಲ್ಲಿಸಲು ಕೈ ಎತ್ತಿದ ನಮ್ಮ ಸಮಿತಿ ಒಂದು ರೂಪಾಯಿ ಹೆಚ್ಚಿಗೆ ಕೊಡಲಿಲ್ಲ.

ಇದು ಬೆಂಗಳೂರಿಗಷ್ಟೇ ಸಂಬಂಧಿಸಿದ್ದಲ್ಲ

2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಪಂಪ್ ಮಾಡಲಾಗುತ್ತಿದೆ. ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್. ನೀರು ಹರಿದ ಮೊದಲ ತಿಂಗಳುಗಳಲ್ಲೇ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿತು. ಪ್ರಕರಣ ಹೈಕೋರ್ಟ್, ಸುಪ್ರೀಂ ಕೋರ್ಟ್ ತನಕ ಹೋಯಿತು. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಅಂತ ಅಲ್ಲಿನ ಹೋರಾಟಗಾರರು ಕೇಳುತ್ತಲೇ ಇದ್ದಾರೆ. ಬತ್ತಿದ ಕೆರೆಗೆ ನೀರು ಬಂದ ಸಂತೋಷ ಆ ಜಿಲ್ಲೆಯಲ್ಲಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಕೆರೆಯ ನೀರು ಇಂಗಿ ಹೋಗುವುದು ಬೋರ್‌ವೆಲ್‌ಗೆ, ಬೋರ್‌ವೆಲ್‌ನಿಂದ ಬರುವುದು ಕುಡಿಯುವ ಬಿಂದಿಗೆಗೆ. ಬೆಂಗಳೂರಿನವರು ಸಿಂಕಿಗೆ ಏನು ಸುರಿಯುತ್ತೇವೆ ಅನ್ನುವುದು ಇವತ್ತು ಕೋಲಾರದ ರೈತನ ಪ್ರಶ್ನೆಯೂ ಹೌದು.

ನಮ್ಮ ಅಪಾರ್ಟ್‌ಮೆಂಟಿನ ಕಥೆ ಹೇಗೆ ಮುಗಿಯಿತು ಅಂತ ಹೇಳಬೇಕು. ಶುದ್ಧೀಕರಿಸಿದ ನೀರೇ ನಮ್ಮ ಶೌಚಾಲಯದ ಫ್ಲಶ್‌ಗೆ ಬರುತ್ತಿತ್ತು. ಕೆಲವೇ ವಾರದಲ್ಲಿ ಮನೆ ಮನೆಯಲ್ಲೂ ನಾತ. ತುರ್ತು ಸಭೆ ಕರೆದು ಬ್ಲೋವರ್ ಮತ್ತೆ ಹಾಕಿಸಿದೆವು. ಆ ಸಭೆಯಲ್ಲಿ ಕೆರೆಯ ಹೆಸರನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಮೂರು ವಿಷಯ ಕೇಳಿ: ಎಸ್‌ಟಿಪಿಯ ಕರೆಂಟ್ ಮೀಟರ್ ಕಳೆದ ತಿಂಗಳು ಎಷ್ಟು ಓಡಿದೆ, ಹೊರಹೋಗುವ ನೀರಿನ ಬಿಒಡಿ ಎಷ್ಟು, ಮಿಕ್ಕ ನೀರು ಎಲ್ಲಿಗೆ ಹೋಗುತ್ತದೆ. ಉತ್ತರ ಯಾರಿಗೂ ಗೊತ್ತಿಲ್ಲದಿದ್ದರೆ ಘಟಕ ನೋಡಿಕೊಳ್ಳುವ ಹುಡುಗನನ್ನು ಕರೆಸಿ ಕೇಳಿ. ಅವನು ಹೇಳಿದ್ದನ್ನು ನಡಾವಳಿಯಲ್ಲಿ ಬರೆದುಕೊಳ್ಳಿ.