ಲಿನಕ್ಸ್‌ಗೆ ವೈರಸ್ ಬರುವುದೇ ಇಲ್ಲವೇ?

"ಲಿನಕ್ಸ್ ಹಾಕಿಕೊಳ್ಳಿ, ವೈರಸ್ ಕಾಟವೇ ಇರಲ್ಲ" ಎಂಬ ಮಾತನ್ನು ನಾವೆಲ್ಲ ಕೇಳಿರುತ್ತೇವೆ. ಇದು ಅರ್ಧ ಸತ್ಯ.

ಉಬುಂಟುವಿನಂಥ ಲಿನಕ್ಸ್‌ಗಳಲ್ಲಿ ತಂತ್ರಾಂಶಗಳು ಹೆಚ್ಚಾಗಿ ಅದರದೇ ಭಂಡಾರದಿಂದ ಬರುತ್ತವೆ. ಮುಖ್ಯ ಕಡತಗಳನ್ನು ಬದಲಿಸಲು ಪಾಸ್‌ವರ್ಡ್ ಬೇಕು. ಹಾಗಾಗಿ ಮನೆಯ ಕಂಪ್ಯೂಟರಿಗೆ ವೈರಸ್ ತಗಲುವುದು ಕಡಿಮೆ. ಆದರೆ 2016ರಲ್ಲಿ 'ಮಿರಾಯ್' ಎಂಬ ಕುತಂತ್ರಾಂಶ ಲಿನಕ್ಸ್ ಆಧಾರಿತ ಕ್ಯಾಮೆರಾ, ರೌಟರ್‌ಗಳನ್ನು ಲಕ್ಷಗಟ್ಟಲೆ ವಶಪಡಿಸಿಕೊಂಡಿತು. ಕಾರಣ, ಕಂಪನಿ ಇಟ್ಟಿದ್ದ ಪಾಸ್‌ವರ್ಡನ್ನು ಬಳಕೆದಾರರು ಬದಲಿಸಿರಲಿಲ್ಲ.

ಹಾಗಾದರೆ ಮುಕ್ತ ತಂತ್ರಾಂಶದ ಲಾಭವೇನು? 2024ರಲ್ಲಿ 'ಎಕ್ಸ್‌ಝಡ್' ಎಂಬ ಮುಕ್ತ ತಂತ್ರಾಂಶದೊಳಗೆ ಕಳ್ಳದಾರಿಯೊಂದನ್ನು ಅಡಗಿಸಲಾಗಿತ್ತು. ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಗಮನಿಸಿದ ಎಂಜಿನಿಯರ್ ಆಂಡ್ರೆಸ್ ಫ್ರಾಯಂಡ್, ಅದರ ಬೆನ್ನುಹತ್ತಿ ಕಳ್ಳದಾರಿಯನ್ನು ಪತ್ತೆಹಚ್ಚಿ, ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ತಂತ್ರಾಂಶ ತೆರೆದಿದ್ದರಷ್ಟೇ ಸಾಲದು, ನೋಡುವ ಕಣ್ಣೂ ಬೇಕು.

ಅಂದಹಾಗೆ, ನಿಮ್ಮ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ! ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆಯ ಹೆಸರಲ್ಲಿ ಬಂದ ಎಪಿಕೆ ಕಡತಕ್ಕೆ ನೀವೇ ಅನುಮತಿ ಕೊಟ್ಟರೆ ಯಾವ ಲಿನಕ್ಸೂ ಕಾಪಾಡಲಾರದು. ಅಂಥದ್ದನ್ನು ಒತ್ತಬೇಡಿ, ಇನ್ನೊಬ್ಬರಿಗೆ ಕಳಿಸಲೂಬೇಡಿ. ಅಪ್‌ಡೇಟ್ ಬಂದಾಗ ಮುಂದೂಡಬೇಡಿ.