ಕ್ರೋನ್ ಕಾಯಿಲೆಯ ಇತಿಹಾಸ

ಕ್ರೋನ್ ಕಾಯಿಲೆ ಜೀರ್ಣಾಂಗದ ದೀರ್ಘಕಾಲದ ಉರಿಯೂತ. ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಹುಣ್ಣಾಗಬಹುದು. ಸಣ್ಣ ಕರುಳಿನ ತುದಿಯಲ್ಲಿ ಹೆಚ್ಚು. ಇದನ್ನು ಕರುಳಿನ ಕ್ಷಯದಿಂದ ಬೇರೆಯೆಂದು ಗುರುತಿಸಲು ವೈದ್ಯಲೋಕಕ್ಕೆ ಬಹುಕಾಲ ಹಿಡಿಯಿತು.

1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಕಂಡುಹಿಡಿದ ಮೇಲೆ, ಕ್ಷಯದಂತೆಯೇ ಕಂಡರೂ ರೋಗಾಣು ಸಿಗದ ಪ್ರಕರಣಗಳು ವೈದ್ಯರ ಗಮನ ಸೆಳೆದವು. ಗ್ಲಾಸ್ಗೋದ ಶಸ್ತ್ರವೈದ್ಯ ಕೆನೆಡಿ ಡಾಲ್ಜಿಯಲ್ 1913ರಲ್ಲಿ ಇಂಥ ರೋಗಿಗಳ ಕುರಿತು ಬರೆದು, ದನಗಳ ಕರುಳಿಗೆ ತಗಲುವ ಜೋನ್ ರೋಗಕ್ಕೆ ಹೋಲಿಸಿದ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಬರಿಲ್ ಕ್ರೋನ್, ಲಿಯಾನ್ ಗಿನ್ಸ್‌ಬರ್ಗ್ ಮತ್ತು ಗಾರ್ಡನ್ ಆಪನ್‌ಹೈಮರ್ 14 ರೋಗಿಗಳ ವಿವರ ಪ್ರಕಟಿಸಿದರು. ಲೇಖಕರ ಹೆಸರುಗಳು ಅಕ್ಷರಾನುಕ್ರಮದಲ್ಲಿದ್ದುದರಿಂದ ಮೊದಲನೆಯ ಹೆಸರೇ ಕಾಯಿಲೆಗೆ ನಿಂತಿತು. ದೊಡ್ಡ ಕರುಳಿಗೂ ಇದು ಬರುತ್ತದೆ, ದೊಡ್ಡ ಕರುಳಿನ ಇನ್ನೊಂದು ಉರಿಯೂತವಾದ ಅಲ್ಸರೇಟಿವ್ ಕೊಲೈಟಿಸ್‌ಗಿಂತ ಬೇರೆ ಎಂಬುದನ್ನು 1960ರಲ್ಲಿ ಲಂಡನ್ನಿನ ಲಾಕ್‌ಹಾರ್ಟ್-ಮಮ್ಮರಿ ಮತ್ತು ಮಾರ್ಸನ್ ಸ್ಪಷ್ಟಪಡಿಸಿದರು.

ಈ ಕಾಯಿಲೆಯ ಹುಣ್ಣು ಮೊದಲು ಬಾಯಿಹುಣ್ಣಿನಷ್ಟು ಚಿಕ್ಕದಾಗಿರುತ್ತದೆ. ಬರಬರುತ್ತಾ ಉದ್ದುದ್ದ ಸೀಳಾಗಿ ಆಳಕ್ಕಿಳಿಯುತ್ತದೆ. ನಡುವೆ ಉಬ್ಬಿದ ಒಳಪೊರೆ ಕಲ್ಲುಹಾಸಿನಂತೆ ಕಾಣುತ್ತದೆ. ಪಕ್ಕದಲ್ಲೇ ಸ್ವಲ್ಪ ದೂರ ಕರುಳು ಆರೋಗ್ಯವಾಗಿದ್ದು, ಮುಂದೆ ಮತ್ತೆ ಹುಣ್ಣು ಕಾಣಿಸುತ್ತದೆ. ಉರಿಯೂತ ಕರುಳಿನ ಗೋಡೆಯನ್ನೇ ದಾಟಿದರೆ ಫಿಸ್ಟುಲಾ, ಅಂದರೆ ಪಕ್ಕದ ಅಂಗಕ್ಕೋ ಚರ್ಮಕ್ಕೋ ತೆರೆದುಕೊಳ್ಳುವ ಅಸಹಜ ದಾರಿ, ಆಗಬಹುದು.

ಮೊದಮೊದಲು ಶಸ್ತ್ರಚಿಕಿತ್ಸೆಯೇ ಮುಖ್ಯ ದಾರಿಯಾಗಿತ್ತು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ 1956ರಲ್ಲಿ ಈ ಕಾಯಿಲೆಗಾಗಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಕ್ರಮೇಣ ಸ್ಟೀರಾಯ್ಡ್‌ಗಳು ಬಳಕೆಗೆ ಬಂದವು. ಉರಿಯೂತ ಕೆರಳಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಇನ್‌ಫ್ಲಿಕ್ಸಿಮ್ಯಾಬ್‌ಗೆ 1998ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ನಾಡ್2 ಜೀನಿಗೂ ಈ ಕಾಯಿಲೆಗೂ ಇರುವ ನಂಟು 2001ರಲ್ಲಿ ತಿಳಿದುಬಂತು.

ಭಾರತದಲ್ಲಿ ಹಳೆಯ ಗೊಂದಲ ಇನ್ನೂ ಉಳಿದಿದೆ. ಕ್ಷಯವೂ ಕ್ರೋನ್ ಕೂಡ ಸಣ್ಣ ಮತ್ತು ದೊಡ್ಡ ಕರುಳು ಸೇರುವ ಜಾಗವನ್ನೇ ಹೆಚ್ಚಾಗಿ ಹಿಡಿಯುತ್ತವೆ. ಹೊಟ್ಟೆನೋವು, ಜ್ವರ, ತೂಕ ಇಳಿಯುವುದು ಎರಡರಲ್ಲೂ ಇವೆ. ಕ್ಷಯದ ಹುಣ್ಣು ಸಾಮಾನ್ಯವಾಗಿ ಕರುಳಿಗೆ ಅಡ್ಡಲಾಗಿ, ಕ್ರೋನ್ ಹುಣ್ಣು ಉದ್ದಕ್ಕೆ ಇರುತ್ತದೆ. ಆದರೆ ಇದೊಂದನ್ನೇ ನೆಚ್ಚುವಂತಿಲ್ಲ. ಕ್ಷಯವಿರುವವರಿಗೆ ಕ್ರೋನ್ ಎಂದು ತಿಳಿದು ಇನ್‌ಫ್ಲಿಕ್ಸಿಮ್ಯಾಬ್ ಕೊಟ್ಟರೆ ಕ್ಷಯ ಉಲ್ಬಣಿಸಿ ಜೀವಕ್ಕೇ ಅಪಾಯವಾದೀತು. ಅದಕ್ಕಾಗಿಯೇ ಈ ಔಷಧ ಶುರುಮಾಡುವ ಮುನ್ನ ಕ್ಷಯದ ತಪಾಸಣೆ ಕಡ್ಡಾಯ. ಅನುಮಾನ ಬಗೆಹರಿಯದಿದ್ದಾಗ ಮೊದಲು ಕ್ಷಯದ ಮಾತ್ರೆ ಕೊಟ್ಟು, ಕೊಲೊನೋಸ್ಕೋಪಿಯಲ್ಲಿ ಹುಣ್ಣು ವಾಸಿಯಾಗಿದೆಯೇ ಎಂದು ಮತ್ತೆ ನೋಡುವುದು ಇಲ್ಲಿನ ವೈದ್ಯರ ರೂಢಿ. ಹುಣ್ಣು ವಾಸಿಯಾಗದಿದ್ದರೆ ರೋಗನಿರ್ಣಯವನ್ನು ಮರುಪರಿಶೀಲಿಸಲೇಬೇಕು.